ತವಡಿಗೆ ಕೊಂಡ ಕೂಸು

ನರ್ಸಬಾಯಿಯ ಮುಖ ನೋಡಿ ಒಳಗೆ ಹುಟ್ಟಿದ್ದು ಗಂಡೋ ಹೆಣ್ಣೋ, ಬದುಕಿದೆಯೋ ಇಲ್ಲವೋ ಎಂದು ಹೇಳಲು ಗುಳೇದಗುಡ್ಡದಲ್ಲಿ ಯಾರಿಗೂ ಆಗುತ್ತಿರಲಿಲ್ಲ. ಹೆರಿಗೆಯ ಕೋಣೆಯಿಂದ ಹೊರಗೆ ಬಂದವಳೇ ಮೊದಲು ಕೈ ತೊಳೆಯಲು ನೀರು ಕೇಳುತ್ತಿದ್ದಳು. ಕೈ ತೊಳೆದ ಮೇಲೆ ಸುದ್ದಿ. ಒಳ್ಳೆಯದಾದರೂ ಅದೇ ದನಿ, ಕೆಟ್ಟದ್ದಾದರೂ ಅದೇ ದನಿ. ಕಲ್ಲು ಮನಸ್ಸಿನವಳು ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಹೆರಿಗೆಯ ಬ್ಯಾನಿ ಎದ್ದಾಗ ಮಾತ್ರ ಅದೇ ಕಲ್ಲಿನ ಬಾಗಿಲು ಬಡಿಯುತ್ತಿದ್ದರು. ಇಂಥ ಮಂದಿಯನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಆಕೆಯ ಹೆಸರು ಗುರುಲಿಂಗವ್ವ. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ, ಆಕೆ ಸರಕಾರಿ ದವಾಖಾನೆಯ ನರ್ಸು. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ, ಅದೂ ಮಣ್ಣಿನದು. ಆ ಕಡೆ ತಂಬಿಗೆ ಬಿದ್ದರೆ ಈ ಕಡೆ ನಾನು ಬೆಚ್ಚಿಬೀಳಬೇಕು. ಆದರೆ ಮೊದಲ ಕೆಲವು ವರ್ಷ ಆ ಕಡೆಯಿಂದ ನನಗೆ ಕೇಳಿಸಿದ್ದು ತಂಬಿಗೆಯ ಸದ್ದು, ಒಲೆ ಊದುವ ಸದ್ದು, ಅಷ್ಟೇ. ಒಬ್ಬಳೇ ಇರುವವಳು ಯಾರ ಕೂಡ ಮಾತಾಡಬೇಕು?

ಹುನಗುಂದದ ಕಡೆಯ ಒಂದು ಹಳ್ಳಿಯವಳು. ಗಂಡ ಉಸುಕಿನ ಚಕ್ಕಡಿಯ ಕೆಳಗೆ ಸಿಕ್ಕು ಸತ್ತಾಗ ಹೊಟ್ಟೆಯಲ್ಲಿ ಕೂಸಿತ್ತು. ಆ ಕೂಸು ಹುಟ್ಟಿ ವಾರ ಕಳೆಯುವುದರೊಳಗೆ ದವಡೆ ಬಿಗಿಹಿಡಿದು, ಮೊಲೆಗೆ ಬಾಯಿ ತೆರೆಯಲಾರದೆ, ಮೈ ಬಿಲ್ಲಿನಂತೆ ಬಾಗಿಸಿಕೊಂಡು ಹೋಯಿತು. ಧನುರ್ವಾಯು ಎಂಬ ಹೆಸರು ಆಕೆಗೆ ಗೊತ್ತಾದದ್ದು ಆಮೇಲೆ, ಅಣ್ಣ ವಿಜಾಪುರಕ್ಕೆ ನರ್ಸಿನ ತರಬೇತಿಗೆ ಕಳಿಸಿದಾಗ, ಪಾಠದ ನಡುವೆ. ಇದನ್ನೆಲ್ಲ ಆಕೆ ನನಗೆ ಹೇಳಿದ್ದು ಒಂದು ಭಾನುವಾರ ಇಬ್ಬರೂ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುವಾಗ. ಹೇಳುತ್ತ ಹೇಳುತ್ತ ಹರಳು ಆರಿಸುವುದನ್ನು ನಿಲ್ಲಿಸಲಿಲ್ಲ. ನನಗೇ ಕಣ್ಣಲ್ಲಿ ನೀರು ಬಂದು ಕಾಳು ಯಾವುದು ಹರಳು ಯಾವುದು ಕಾಣದಂತಾಯಿತು. ಆಕೆ ನನ್ನ ಮುಂದಿನ ಮೊರವನ್ನೂ ಎಳೆದುಕೊಂಡು ತಾನೇ ಆರಿಸಿದಳು.

ಶಂಕ್ರಪ್ಪನ ಮನೆ ನಮ್ಮ ಓಣಿಯ ಆ ತುದಿಗೆ. ಕುಪ್ಪಸದ ಖಣ ನೇಯುವ ಮನೆ. ಒಳಗೆ ಕಾಲಿಟ್ಟರೆ ಪಡಸಾಲೆಯ ತುಂಬ ಮಗ್ಗ, ಅದರ ಪಕ್ಕಕ್ಕೆ ಒಲೆ, ಒಲೆಯ ಪಕ್ಕಕ್ಕೆ ಒಂದು ಗೋಣಿಪರದೆ, ಆ ಪರದೆಯ ಹಿಂದೆ ಬಾಣಂತಿಯ ಮೂಲೆ. ಅವನ ಹೆಂಡತಿ ಶಿವಬಸವ್ವ ಆ ಮೂಲೆಯಲ್ಲಿ ಮೂರು ಹಡೆದಿದ್ದಳು, ಮೂರೂ ಹೋಗಿದ್ದವು. ಮೂರೂ ಒಂದೇ ತರಹ, ಬಾಯಿ ಕಚ್ಚಿಕೊಂಡು. ಶಂಕ್ರಪ್ಪನ ತಾಯಿ ಸಿದ್ದಲಿಂಗವ್ವ ದೃಷ್ಟಿ ಎನ್ನುತ್ತಿದ್ದಳು, ಗಾಳಿ ಎನ್ನುತ್ತಿದ್ದಳು, ಸೊಸೆಯ ಕಾಲ್ಗುಣ ಎಂದೂ ಅಂದದ್ದುಂಟು. ಆ ಮನೆಯಲ್ಲಿ ಹೊಕ್ಕುಳಬಳ್ಳಿ ಕೊಯ್ಯುತ್ತಿದ್ದದ್ದು ಮಗ್ಗದ ಎಳೆ ಕತ್ತರಿಸುವ ಬ್ಲೇಡಿನಿಂದ, ಮೇಲೆ ಮೆತ್ತುತ್ತಿದ್ದದ್ದು ಒಲೆಯ ಬೂದಿ. ನರ್ಸಬಾಯಿಗೆ ಇದು ಗೊತ್ತಾದದ್ದು ಮೂರನೆಯದು ಹೋದ ಮೇಲೆ. ಆ ಬ್ಲೇಡು ಶಂಕ್ರಪ್ಪನೇ ಎತ್ತಿ ಕೊಟ್ಟದ್ದು. ಅದರಿಂದಲೇ ಹೋದವು ಎಂದು ಅವನಿಗೆ ಹೇಳಿದಿರಾ ಎಂದು ಕೇಳಿದೆ. ಹೋದವು ಹೋದವು, ಇನ್ನು ಅವನಿಗೆ ಹೇಳಿ ಏನು ಮಾಡಲಿ, ಮುಂದಿನ ಸಲ ಬ್ಲೇಡು ನಾನೇ ಒಯ್ದರಾಯಿತು ಎಂದಳು.

ಮುಂದಿನ ಸಲ ಬಂದದ್ದು ತುರ್ತು ಪರಿಸ್ಥಿತಿಯ ಕಾಲಕ್ಕೆ. ಆಗ ನರ್ಸುಗಳ ಪಾಡು ದೇವರಿಗೇ ಪ್ರೀತಿ. ಮೇಲಿನವರು ಮಕ್ಕಳಾಗದ ಆಪರೇಶನ್ನಿಗೆ ಮಂದಿ ತನ್ನಿ ಎಂದು ಕುತ್ತಿಗೆಯ ಮೇಲೆ ಕೂತಿದ್ದರು. ಕೆಳಗೆ ಮಂದಿ ನರ್ಸಿನ ಬಿಳಿ ಸೀರೆ ಕಂಡ ಕೂಡಲೇ ಕದ ಹಾಕಿಕೊಳ್ಳುತ್ತಿದ್ದರು. ಬಸುರಿಯರಿಗೆ ಹಾಕುವ ಧನುರ್ವಾಯುವಿನ ಸೂಜಿ ಕೂಡ ಮಕ್ಕಳಾಗದಂತೆ ಮಾಡುವ ಸೂಜಿ ಎಂದು ಊರೆಲ್ಲ ಹಬ್ಬಿತು. ಸಿದ್ದಲಿಂಗವ್ವನಂತೂ ನರ್ಸಬಾಯಿಗೆ ಹೊಸ್ತಿಲು ತುಳಿಯಗೊಡಲಿಲ್ಲ. ಕಡೆಗೆ ಶಿವಬಸವ್ವ ಮಜ್ಜಿಗೆ ಕೇಳುವ ನೆವ ಮಾಡಿ ನಮ್ಮ ಮನೆಗೆ ಬಂದಳು, ನಾನು ಹಿತ್ತಲ ಬಾಗಿಲಿನಿಂದ ಆಕೆಯನ್ನು ಪಕ್ಕದ ಮನೆಗೆ ದಾಟಿಸಿದೆ. ಜನ ಹೇಳುವುದು ಕೇಳಿದ್ದೀಯಲ್ಲ, ಹೆದರಿಕೆ ಇಲ್ಲವೇ ಎಂದೆ.

"ಮುಂದ ಹುಟ್ಟದಿದ್ರೂ ಚಿಂತಿಲ್ರಿ ಅಕ್ಕಾರ. ಹುಟ್ಟಿದ್ದು ಸಾಯೂದು ನೋಡೂದು ಸಾಕಾಗೇತಿ," ಅಂದಳು.

ಹಾಗೆ ಎರಡು ಸಲ ಬಂದು ಸೂಜಿ ಹಾಕಿಸಿಕೊಂಡು ಹೋದಳು. ಎರಡು ಸಲವೂ ಮಜ್ಜಿಗೆ ಒಯ್ಯುವುದನ್ನು ಮರೆತಳು, ನಾನೇ ಹಿಂದಿನಿಂದ ಓಡಿಹೋಗಿ ಕೊಟ್ಟೆ.

ಬ್ಯಾನಿ ಎದ್ದ ದಿನ ಸಿದ್ದಲಿಂಗವ್ವನ ಹಟ ಏನೂ ನಡೆಯಲಿಲ್ಲ. ಶಂಕ್ರಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ತಾನೇ ನರ್ಸಬಾಯಿಯನ್ನು ಕರೆದೊಯ್ದ. ಕುದಿಸಿದ ದಾರ, ಕುದಿಸಿದ ಹೊಸ ಬ್ಲೇಡು, ಎಲ್ಲ ಆಕೆಯ ಚೀಲದಲ್ಲೇ ಇತ್ತು. ಹೆಣ್ಣು ಕೂಸು ಹುಟ್ಟಿತು. ದಿನ ತುಂಬುವ ಮೊದಲೇ ಬಂದದ್ದು, ಅಂಗೈಯಲ್ಲಿ ಹಿಡಿಸುವಷ್ಟು. ಅತ್ತರೂ ಬೆಕ್ಕಿನ ಮರಿಯ ದನಿ. ಹೊಕ್ಕುಳಿಗೆ ಬೂದಿ ಮುಟ್ಟಿಸಬೇಡಿ ಎಂದು ಆಕೆ ಹೇಳುತ್ತಿದ್ದಂತೆಯೇ ಸಿದ್ದಲಿಂಗವ್ವ ಮೊರ ಇಳಿಸಿ ಅದರಲ್ಲಿ ತವಡು ಹರವತೊಡಗಿದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಟ್ಟು ಬರುತ್ತಾರೆ. ಬೇರೆ ಯಾರೋ ಒಬ್ಬ ಹೆಂಗಸು ಅದನ್ನು ಎತ್ತಿಕೊಂಡು ಹಿಡಿ ತವಡು ಕೊಟ್ಟು ಕೊಳ್ಳುತ್ತಾಳೆ. ಇದು ಈ ಮನೆಗೆ ಬೇಡವಾದ ಕೂಸು, ತಿಪ್ಪೆಗೆ ಬಿದ್ದದ್ದು, ಯಾರದೋ ಎಂದು ಸಾವಿಗೆ ತೋರಿಸುವುದು. ಕೂಸಿನ ಮೊದಲ ಕೂದಲು ತೆಗೆಸುವ ಜವಳದ ದಿನ ಹಡೆದವರು ಒಂದು ಸೇರು ಜೋಳ ಕೊಟ್ಟು ತಿರುಗಿ ಕೊಳ್ಳಬೇಕು. ಅಲ್ಲಿಯವರೆಗೆ ಹಡೆದವಳು ಅದನ್ನು ನನ್ನದು ಎನ್ನಬಾರದು. ತಿರುಗಿ ಕೊಟ್ಟ ಮೇಲೆ ಸಾಕಿದವಳು ಅದನ್ನು ಮತ್ತೆ ಎತ್ತಿಕೊಳ್ಳಬಾರದು. ಎತ್ತಿಕೊಂಡರೆ ಸಾವಿಗೆ ಗುರುತು ಸಿಗುತ್ತದೆ. ಇಂಥ ಮಕ್ಕಳಿಗೆ ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರು. ನಮ್ಮ ಸಾಲೆಯ ಹಾಜರಿಯಲ್ಲಿ ಪ್ರತಿ ವರ್ಷ ಒಬ್ಬಿಬ್ಬರು ತಿಪ್ಪವ್ವಂದಿರು ಇದ್ದೇ ಇರುತ್ತಿದ್ದರು.

ಎಂದೂ ಹಡೆದ ಮನೆಯಲ್ಲಿ ವಾದ ಮಾಡದ ನರ್ಸಬಾಯಿ ಅಂದೂ ವಾದ ಮಾಡಲಿಲ್ಲ. ಓಣಿಯ ತುದಿಯ ತಿಪ್ಪೆಯಲ್ಲಿ ಏನೆಲ್ಲ ಇರುತ್ತದೆ ಎಂಬುದು ಆಕೆಗೆ ಗೊತ್ತಿತ್ತು. ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳದೆ ಗಾಳಿಗೆ ಆರಿಸುತ್ತ, ಸಿದ್ದಲಿಂಗವ್ವನ ಮುಂದೆ ನಿಂತಳು. ಬಿಸಿನೀರು ಹೊತ್ತುಕೊಂಡು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ತಿಪ್ಪಿಗೆ ಯಾಕ ಒಯ್ತೀರಿ ಯವ್ವಾ? ನನ್ನ ಕಟ್ಟಿ ಮ್ಯಾಲ ಇಡ್ರಿ," ಅಂದಳು. "ಗಂಡ ಹೋದ, ಕೂಸು ಹೋತು. ಸಾವು ನನ್ನ ಮನ್ಯಾಗಿಂದು ಎಲ್ಲಾ ಒಯ್ದು ಮುಗಿಸೇತಿ. ಅಲ್ಲಿ ಮತ್ತ ಹಣಿಕಿ ಹಾಕಂಗಿಲ್ಲ. ನನ್ನ ಮನಿಗಿಂತ ದೊಡ್ಡ ತಿಪ್ಪಿ ಈ ಊರಾಗ ಯಾವುದೈತಿ?"

ಅದೇ ದನಿ. ನೀರು ಕೇಳುವ ದನಿ. ಸಿದ್ದಲಿಂಗವ್ವ ಕೂಸನ್ನು ಮೊರದಲ್ಲಿಟ್ಟು ಎತ್ತಿಕೊಂಡು ನರ್ಸಬಾಯಿಯ ಹಿಂದೆ ನಡೆದಳು. ಕಟ್ಟೆಯ ಮೇಲೆ ಮೊರ ಇಟ್ಟಳು. ತವಡಿನ ಮೇಲೆ ಒಗೆದ ಹಳೆಯ ಅರಿವೆ ಹಾಸಿತ್ತು, ಅದೂ ನರ್ಸಬಾಯಿಯದೇ. ಹಿಡಿ ತವಡು ಕೊಟ್ಟು ಕೂಸು ತೆಗೆದುಕೊಂಡು ನರ್ಸಬಾಯಿ ಎರಡನೆಯ ಮಾತು ಹೇಳಿದಳು: ಈಗ ಇದು ನನ್ನ ಕೂಸು, ನನ್ನ ಮನೆಯಲ್ಲೇ ಇರುತ್ತದೆ, ಹಾಲು ಕುಡಿಸಲು ನಿಮ್ಮ ಸೊಸೆಯನ್ನು ಇಲ್ಲಿಗೇ ಕಳಿಸಿಕೊಡಿ. ಸಿದ್ದಲಿಂಗವ್ವನ ನೇಮವೇ ಸಿದ್ದಲಿಂಗವ್ವನ ಬಾಯಿ ಮುಚ್ಚಿಸಿತು. ನಾನು ಗೋಡೆಯ ಮರೆಗೆ ಹೋಗಿ ಹೊಟ್ಟೆ ಹಿಡಿದು ನಕ್ಕೆ.

ನಗುವಂಥ ದಿನಗಳೇನೂ ಮುಂದೆ ಇರಲಿಲ್ಲ. ಕೂಸು ಸತ್ತಂತೆ ಮಲಗುತ್ತಿತ್ತು, ಕರೆದರೆ ಏಳುತ್ತಿರಲಿಲ್ಲ. ಬಾಗಲಕೋಟೆಯ ದೊಡ್ಡ ದವಾಖಾನೆಗೆ ಒಯ್ಯಬೇಕೇ ಎಂದು ಕೇಳಿದರೆ, ಬಸ್ಸಿನ ಗಾಳಿಗೆ ದಾರಿಯಲ್ಲೇ ತಣ್ಣಗಾಗುತ್ತದೆ ಎಂದಳು ನರ್ಸಬಾಯಿ. ಬಾಣಂತಿಯನ್ನೂ ತನ್ನ ಮನೆಯಲ್ಲೇ ಇರಿಸಿಕೊಂಡಳು. ಮಂಚದ ಕೆಳಗೆ ಕೆಂಡ ಇಡುವುದಿಲ್ಲ, ಲೋಬಾನದ ಹೊಗೆ ಇಲ್ಲ; ಶಿವಬಸವ್ವನ ಎದೆಯ ಮೇಲೆಯೇ ಕೂಸನ್ನು ಬರಿಮೈಯಲ್ಲಿ ಒರಗಿಸಿ ಇಬ್ಬರ ಮೇಲೂ ಒಂದೇ ಕೌದಿ. ಹಳದಿಯಾದ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು ನಮ್ಮಲ್ಲಿ ಎಲ್ಲರ ಮನೆಯ ಪದ್ಧತಿ, ನನ್ನ ಮಕ್ಕಳಿಗೂ ಚೆಲ್ಲಿದ್ದೆವು. ಆಕೆ ಅದನ್ನೇ ಬಟ್ಟಲಿಗೆ ಹಿಂಡಿಸಿ ಚಮಚೆಯ ತುದಿಯಿಂದ ಹನಿಹನಿಯಾಗಿ ಬಿಟ್ಟಳು. ಬಾಣಂತಿಗೆ ನೀರು ಕೊಡಬಾರದು ಎಂದು ಸಿದ್ದಲಿಂಗವ್ವ ದಿನವೂ ಬಂದು ಹೇಳುತ್ತಿದ್ದಳು, ನರ್ಸಬಾಯಿ ದಿನವೂ ಹೂಂ ಎನ್ನುತ್ತಿದ್ದಳು, ಮುದುಕಿ ತಿರುಗಿದ ಕೂಡಲೇ ತಂಬಿಗೆ ತುಂಬ ನೀರು ಕೊಡುತ್ತಿದ್ದಳು. ಹಿಂದಿನ ಮೂರೂ ಹೋದ ವಾರ ಬಂತು. ಶಿವಬಸವ್ವ ಕೂಸಿನ ತುಟಿಯನ್ನೇ ನೋಡುತ್ತ ಕೂತಳು, ಅಳಲಿಲ್ಲ, ಉಣ್ಣಲಿಲ್ಲ. ಆ ವಾರ ದಾಟಿತು. ಕೂಸಿನ ಬಾಯಿ ತೆರೆದೇ ಇತ್ತು.

ಆಮೇಲೆ ತಿಪ್ಪವ್ವ ಬೆಳೆದಳು. ಏನು ಬೆಳೆದಳು, ಗೋಡೆಯ ಆ ಕಡೆ ಬರೀ ಆಕೆಯದೇ ಗದ್ದಲ. ಶಿವಬಸವ್ವ ಹಗಲೆಲ್ಲ ನರ್ಸಬಾಯಿಯ ಕಟ್ಟೆಯ ಮೇಲೆ ಕೂತು ಗಂಡನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು, ನಡುನಡುವೆ ಹಾಲು ಕುಡಿಸುತ್ತಿದ್ದಳು. ಮಗಳು ಮೈಕೈ ತುಂಬಿಕೊಂಡಾಳಲ್ಲ ಎಂದು ದಾರಿಹೋಕರು ಯಾರಾದರೂ ಅಂದರೆ ಹೌಹಾರಿ, ನರ್ಸಬಾಯಿಯ ಕೂಸು ಎಂದು ತಿದ್ದುತ್ತಿದ್ದಳು. ಮುದ್ದು ಮಾಡುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಕೂಸು ಮುಖಕ್ಕೆ ಕೈ ಚಾಚಿದರೆ ಆಚೆ ನೋಡುತ್ತಿದ್ದಳು. ಪ್ರೀತಿ ಇರಲಿಲ್ಲ ಎಂದಲ್ಲ, ಆಕೆಗೆ ಪ್ರೀತಿಯೇ ಹೆದರಿಕೆಯಾಗಿತ್ತು. ಕೂಸು ತಾಯಿಯ ಹಾಲು ಬಿಟ್ಟು ಮೆತ್ತಗಿನ ಅನ್ನ ತಿನ್ನತೊಡಗಿದ ಮೇಲೆ ಸಂಜೆಯಾದ ಕೂಡಲೇ ಶಿವಬಸವ್ವ ತನ್ನ ಮನೆಗೆ ಹೋಗುತ್ತಿದ್ದಳು, ಕೂಸು ನರ್ಸಬಾಯಿಯ ಪಾಲಿಗೆ.

ಸಂಜೆ ದವಾಖಾನೆಯಿಂದ ಬಂದ ನರ್ಸಬಾಯಿ ಮಾತಾಡುತ್ತಿದ್ದಳು. ನಾನು ಮೊದಲು ಯಾರೋ ಬೀಗರು ಬಂದಿದ್ದಾರೆ ಅಂದುಕೊಂಡೆ. ಇವತ್ತು ಕೆಲವಡಿಗೆ ಹೋಗಿದ್ದೆ, ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ, ಅಲ್ಲಿ ಒಬ್ಬಾಕಿಗೆ ಅವಳಿ, ಒಂದು ನಿನ್ನ ಹಾಗೇ ಸಣ್ಣದು, ನಿನ್ನಷ್ಟು ತುಂಟತನ ಇರಲಿಕ್ಕಿಲ್ಲ ಬಿಡು, ಹೀಗೆ. ದಿನದ ವರದಿ ಪೂರಾ ಒಪ್ಪಿಸುವುದು. ಕೂಸು ಅದಕ್ಕೆ ಊಂ ಆಂ ಎನ್ನುವುದು. ಬೇಳೆಗೆ ಒಗ್ಗರಣೆ ಹಾಕುವುದು ಬಿಟ್ಟು ನಾನು ಗೋಡೆಗೆ ಕಿವಿ ಕೊಟ್ಟು ನಿಂತದ್ದುಂಟು, ಬೇಳೆ ಸೀದದ್ದುಂಟು. ಕೂಸಿನ ಮೊದಲ ಮಾತು ಅವ್ವ. ಅಂದದ್ದು ಯಾರಿಗೆ ಎಂದು ಬೇರೆ ಹೇಳಬೇಕೇ?

ನನಗೆ ಅಂದಿನಿಂದ ಒಂದೇ ಚಿಂತೆ ಹತ್ತಿತು. ಜವಳದ ದಿನ ಬರುತ್ತದೆ, ಒಂದು ಸೇರು ಜೋಳ ಹಿಡಿದು ಅವರು ಬರುತ್ತಾರೆ, ಆಗ ಈಕೆ ಏನಾಗಬೇಕು? ಒಮ್ಮೆ ಎಲ್ಲ ಕಳೆದುಕೊಂಡು ಹೇಗೋ ಬಾಯಿ ಮುಚ್ಚಿಕೊಂಡು ಬದುಕಿದವಳು. ಆಕೆಗೆ ನೇರವಾಗಿಯೇ ಕೇಳಿದೆ, ಕೊಡದಿದ್ದರೆ ಏನಾಗುತ್ತದೆ, ಅವರಿಗೆ ಇನ್ನೊಂದು ಆದೀತು ಎಂದೆ. ಆಕೆ ನನ್ನನ್ನು ಬೈಯಲಿಲ್ಲ. ಕೂಸಿನ ತಲೆಗೆ ಎಣ್ಣೆ ಹಚ್ಚುತ್ತ ಹಚ್ಚುತ್ತ, ಶಿವಬಸವ್ವನ ಹಾಲಿನಿಂದ ಬದುಕಿದ್ದು ಎಂದಳು, ಅಷ್ಟೇ.

ಜವಳಕ್ಕೆ ಓಣಿಯೆಲ್ಲ ನರ್ಸಬಾಯಿಯ ಕಟ್ಟೆಯ ಮುಂದೆ ಸೇರಿತು. ಕೂದಲು ತೆಗೆಸಿ, ಮೀಯಿಸಿ, ಹಣೆಗೆ ವಿಭೂತಿ ಹಚ್ಚಿದ ತಿಪ್ಪವ್ವ ನರ್ಸಬಾಯಿಯ ಬಗಲಲ್ಲಿ ಕೂತು ಎಲ್ಲರ ಮುಖ ನೋಡುತ್ತಿದ್ದಳು. ಸಿದ್ದಲಿಂಗವ್ವ ಮೊರದಲ್ಲಿ ಜೋಳ ತಂದಳು. ಇಲ್ಲಿ ಒಂದು ಆಟ ಉಂಟು. ಕೊಳ್ಳಲು ಬಂದವರು ಮೂರು ಸಲ ಕೇಳಬೇಕು, ಸಾಕಿದವಳು ಎರಡು ಸಲ ಕೊಡುವುದಿಲ್ಲ ಎನ್ನಬೇಕು, ಮೂರನೆಯದಕ್ಕೆ ಕೊಡಬೇಕು. ಮಂದಿ ನಗಲಿ ಎಂದೇ ಇರುವ ಆಟ.

ಸಿದ್ದಲಿಂಗವ್ವ ಮೊದಲ ಸಲ ಕೇಳಿದಳು. ಕೊಡಂಗಿಲ್ಲ, ಅಂದಳು ನರ್ಸಬಾಯಿ. ಎಲ್ಲರೂ ನಕ್ಕರು. ಎರಡನೆಯ ಸಲ ಕೇಳಿದಳು.

"ಕೊಡಂಗಿಲ್ಲ. ನನ್ನ ಕೂಸು."

ಮಂದಿ ಇನ್ನೂ ಜೋರಾಗಿ ನಕ್ಕರು. ನರ್ಸಬಾಯಿಗೆ ನಾಟಕ ಮಾಡಲು ಬರುತ್ತದೆ ಎಂದು ಯಾರೋ ಹಿಂದಿನಿಂದ ಅಂದರು. ನಾನು ಆಕೆಯ ಪಕ್ಕಕ್ಕೇ ನಿಂತಿದ್ದೆ. ಕೂಸಿನ ನಡುವಿನ ಸುತ್ತ ಹಿಡಿದ ಆಕೆಯ ಬೆರಳು ಬೆಳ್ಳಗಾಗಿದ್ದವು.

ಮೂರನೆಯ ಸಲ ಕೇಳಿದಾಗ ಆಕೆ ಏನೂ ಅನ್ನಲಿಲ್ಲ. ನಗು ಒಬ್ಬೊಬ್ಬರದಾಗಿ ನಿಂತಿತು. ಸಿದ್ದಲಿಂಗವ್ವ ಮೊರ ಹಿಡಿದುಕೊಂಡು ಮಗನ ಕಡೆ ನೋಡಿದಳು, ಶಂಕ್ರಪ್ಪ ನೆಲ ನೋಡಿದ. ಶಿವಬಸವ್ವ ಮುಂದೆ ಬಂದಿದ್ದಳು, ಆದರೆ ಆಕೆಯ ಎರಡೂ ಕೈ ಜೋತುಬಿದ್ದಿದ್ದವು, ಮೇಲೇಳುತ್ತಿರಲಿಲ್ಲ. ಕೈಗೆ ತೆಗೆದುಕೊಂಡರೆ ಕೂಸು ತನ್ನದಾಗುತ್ತದೆ, ತನ್ನದಾದದ್ದು ಯಾವುದೂ ಉಳಿದಿಲ್ಲ. ಒಬ್ಬಾಕೆಗೆ ಬಿಡಲು ಆಗುತ್ತಿಲ್ಲ, ಇನ್ನೊಬ್ಬಾಕೆಗೆ ಹಿಡಿಯಲು ಆಗುತ್ತಿಲ್ಲ.

"ಕೈ ಮುಂದ ಮಾಡು, ತಂಗಿ," ಅಂದಳು ನರ್ಸಬಾಯಿ. "ಹಂಗಲ್ಲ, ಗಟ್ಟಿ ಹಿಡಿ. ಇನ್ನ ಇದು ನಿನ್ನದು."

ಹೆರಿಗೆಯ ಹೊತ್ತಿಗೆ ಹೆಂಗಸರಿಗೆ ಉಸಿರು ಬಿಡು, ತಿಣುಕು ಎಂದು ಹೇಳುವ ದನಿ ಅದು. ಶಿವಬಸವ್ವನ ಕೈ ಮೇಲೆದ್ದವು. ತಿಪ್ಪವ್ವ ಕಿಟಾರನೆ ಕಿರುಚಿ, ಅವ್ವಾ ಎಂದು ನರ್ಸಬಾಯಿಯ ಸೆರಗು ಹಿಡಿದಳು. ನರ್ಸಬಾಯಿ ಆ ಬೆರಳುಗಳನ್ನು ಬಿಡಿಸಿ, ಒಳಗೆ ಹೋಗಿ ಕದ ಹಾಕಿಕೊಂಡಳು. ಅವ್ವಾ ಎನ್ನುವ ದನಿ ಓಣಿಯ ಆ ತುದಿಯವರೆಗೂ ಹೋಗಿ, ಶಂಕ್ರಪ್ಪನ ಮನೆಯ ಒಳಗೆ ಬಹಳ ಹೊತ್ತು ಕೇಳಿತು.

ಮರುದಿನ ಆಕೆ ಹೊತ್ತಿಗೆ ಸರಿಯಾಗಿ ದವಾಖಾನೆಗೆ ಹೋದಳು. ಗೋಡೆಯ ಆ ಕಡೆ ಮತ್ತೆ ತಂಬಿಗೆಯ ಸದ್ದು, ಒಲೆ ಊದುವ ಸದ್ದು. ತಿಂಗಳೊಪ್ಪತ್ತಿನಲ್ಲಿ ದವಾಖಾನೆಯ ಆಯಾ ಶಮಶಾದಬಿ ಬಂದು, ನರ್ಸಬಾಯಿ ತಾನೇ ಬರೆದುಕೊಟ್ಟು ಇಳಕಲ್ಲಿನ ಕಡೆ ವರ್ಗ ಮಾಡಿಸಿಕೊಂಡಿದ್ದಾಳೆ ಎಂದಾಗ ನಾನು ಬೆಂಕಿಯಾದೆ. ನೇರ ಆಕೆಯ ಮನೆಗೆ ನುಗ್ಗಿದೆ. ಹಾಸಿಗೆ ಸುತ್ತುತ್ತಿದ್ದಳು. ಎತ್ತಿಕೊಳ್ಳಬಾರದು ನಿಜ, ದೂರದಿಂದ ನೋಡಿಕೊಂಡು ಇರಬಹುದಲ್ಲ, ಕಣ್ಣೆದುರಿಗೆ ಬೆಳೆಯುವ ಮಗುವನ್ನು ಬಿಟ್ಟು ಹೋಗುವುದೆಂದರೇನು, ನಿಮಗೆ ಕರುಳು ಎನ್ನುವುದು ಇದೆಯೇ ಎಂದು ಬಾಯಿಗೆ ಬಂದದ್ದು ಅಂದೆ. ಆಕೆ ಹಾಸಿಗೆಗೆ ಹಗ್ಗ ಬಿಗಿದು, ಇಳಕಲ್ಲಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಮುಂದೆ ಐದಾರು ವರ್ಷ ಆಕೆಯ ಸುದ್ದಿ ಇಲ್ಲ. ತಿಪ್ಪವ್ವ ನನ್ನ ಸಾಲೆಗೇ ಬಂದಳು. ಮಗ್ಗಿ ಬಾಯಿಪಾಠ ಬರುವುದಿಲ್ಲ, ಓಟದಲ್ಲಿ ಎಲ್ಲರಿಗಿಂತ ಮುಂದೆ. ಶಿವಬಸವ್ವ ಸಾಲೆಯ ಗೇಟಿಗೆ ಬಂದು, ನನ್ನ ಮಗಳು ಎಲ್ಲಿ ಅಕ್ಕಾರ ಎಂದು ಗಟ್ಟಿಯಾಗಿ ಕೇಳುವಳು. ಆಮೇಲೆ ಒಂದು ಗಂಡೂ ಆಗಿತ್ತು, ಅದೂ ಬದುಕಿತ್ತು. ಸಾಕಿದವಳ ನೆನಪು ಹುಡುಗಿಗೆ ಇರಲಿಲ್ಲ. ಯಾರೂ ಆ ಹೆಸರು ಎತ್ತುತ್ತಿರಲಿಲ್ಲ.

ನಾದಿನಿಯ ಮದುವೆಗೆ ಸೀರೆ ಕೊಳ್ಳಲು ಇಳಕಲ್ಲಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ನರ್ಸಬಾಯಿ ಸಿಕ್ಕಳು. ಕೂದಲು ಬೆಳ್ಳಗಾಗಿತ್ತು, ಮುಖ ಮಾತ್ರ ಹಾಗೇ. ನನ್ನ ಸಿಟ್ಟೂ ಹಾಗೇ ಇತ್ತು. ಅಂದು ಕೇಳಿದ್ದನ್ನೇ ಮತ್ತೆ ಕೇಳಿದೆ, ಯಾಕೆ ಬಿಟ್ಟು ಬಂದಿರಿ, ನೀವು ನರ್ಸು, ಆ ತಿಪ್ಪೆ ತವಡಿನ ಮಾತೆಲ್ಲ ನೀವೂ ನಂಬುತ್ತೀರೇನು ಎಂದೆ.

"ನಾ ನಂಬಂಗಿಲ್ರಿ ಅಕ್ಕಾರ. ಶಿವಬಸವ್ವ ನಂಬ್ತಾಳ," ಅಂದಳು. "ಅಲ್ಲೇ ಇದ್ದಿದ್ರ ನಾ ಒಂದ ದಿನ ಎತ್ಕೊಂಡ ಬಿಡತಿದ್ದೆ. ಮರುದಿನ ಕೂಸಿಗೆ ಬರೇ ನೆಗಡಿ ಬಂದ್ರೂ ಆಕಿ ಎದಿ ಒಡಕೋತಿದ್ಲು. ಜಲ್ಮಪೂರ್ತಿ ಹೆದರಕೋತ ಸಾಕತಿದ್ಲು. ಮೂರು ಮಣ್ಣ ಮಾಡಿದಾಕಿ."

ಆಕೆಯ ಬಸ್ಸು ಬಂತು, ಮಂದಿ ನುಗ್ಗತೊಡಗಿದರು. ಆಕೆ ಚೀಲ ಎತ್ತಿಕೊಂಡು, ಹಲ್ಲು ಬಿದ್ದಿವೆಯೇ ಎಂದು ಕೇಳಿದಳು. ಯಾರದು ಎನ್ನಲಿಲ್ಲ. ಮೇಲಿನ ಮುಂದಿನವು ಎರಡೂ ಬಿದ್ದಿವೆ ಎಂದೆ. ಮೊದಲು ಯಾವುದು ಬಿತ್ತು ಎಂದಳು. ಅದು ನನಗೆ ಗೊತ್ತಿರಲಿಲ್ಲ. ಕೇಳಿ ಕಾಗದ ಬರೆಯುತ್ತೇನೆ, ನಿಮ್ಮ ವಿಳಾಸ ಕೊಡಿ ಎಂದೆ.

"ಬ್ಯಾಡ್ರಿ," ಅಂದಳು. "ಅದು ತಿಳದ್ರ ಮತ್ತೊಂದು ಕೇಳಬೇಕನಸತೈತಿ."

ಬಸ್ಸು ಹತ್ತಿ ಆ ಕಡೆಯ ಕಿಟಕಿಗೆ ಹೋಗಿ ಕೂತಳು.